ಸಾಬೂನು ನೀರಿನೊಳಗೆ ಬೆಳಕಿನ ಸಾಕ್ಷಿ

ಮಡಿವಾಳ ಮಾಚಿದೇವರ ಕಾಯಕವಾವುದೆಂದು ಕೇಳಿದರೆ ನಮ್ಮ ಮನೆಗಳ ಚಿಕ್ಕ ಮಕ್ಕಳೂ ಥಟ್ಟನೆ ಉತ್ತರಿಸುತ್ತಾರೆ. ಶರಣರ ಬಟ್ಟೆಗಳನ್ನು ಒಗೆದು ಶುಭ್ರಗೊಳಿಸಿ ಮುಟ್ಟಿಸುವುದೇ ಅವರ ಕಾಯಕವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಇಂದಿನಂತೆ ಕಾಗದ ಸುತ್ತಿದ ಸಾಬೂನು ಇರಲಿಲ್ಲ. ನಮ್ಮ ನಾಡಿನ ಅಗಸರು ತಲೆತಲಾಂತರದಿಂದ ಬಳಸುತ್ತ ಬಂದದ್ದು ಚೌಳು ಮಣ್ಣು, ಬೂದಿಯ ತಿಳಿನೀರು ಮತ್ತು ಅಂಟುವಾಳದ ಕಾಯಿ. ಕೊಳೆ ಬಿಟ್ಟುಹೋಗುವುದನ್ನು ಕಣ್ಣು ಕಂಡಿತು, ಕೈ ಅರಿಯಿತು. ಆದರೆ ನೀರಿನೊಳಗೆ ನಡೆಯುವುದಾದರೂ ಏನು? ಎಣ್ಣೆಯ ಜಿಡ್ಡನ್ನು ಹತ್ತಿರಕ್ಕೂ ಸೇರಿಸದ ನೀರು, ನಾಲ್ಕು ಅಂಟುವಾಳದ ಕಾಯಿ ಬಿದ್ದೊಡನೆ ಅದನ್ನೇ ಹೊತ್ತುಕೊಂಡು ಹೋಗುವುದೇಕೆ? ಈ ಪ್ರಶ್ನೆಗೆ ಉತ್ತರ ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಆ ಉತ್ತರಕ್ಕೆ ಸಾಕ್ಷಿ ನುಡಿದವುಗಳಲ್ಲಿ ತಾವಾಗಿ ಮಿನುಗಬಲ್ಲ ಕೆಲವು ಅಣುಗಳೂ ಸೇರಿವೆ. ಅವುಗಳ ವಿಚಾರವನ್ನು ಈ ಸಲದ ಅಂಕಣದಲ್ಲಿ ನಮ್ಮ ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲೇ ಒಂದು ಮಾತು. ವಿಜ್ಞಾನದ ಪ್ರತಿಯೊಂದು ಸಂಗತಿಯನ್ನೂ ಶರಣರು ಮುಂಚೆಯೇ ಹೇಳಿದ್ದರೆಂದು ಸಾಧಿಸುವ ಅಭ್ಯಾಸ ನಮಗಿಲ್ಲ. ಶರಣರಿಗೆ ಅಂತಹ ಸಾಧನೆಯಿಂದ ಹೊಸ ಗೌರವವೇನೂ ಬರಬೇಕಾಗಿಲ್ಲ. ಮಾಚಿದೇವರ ಕೈಯಲ್ಲಿ ನಡೆದ ಕೆಲಸವನ್ನು ಇಂದು ಇನ್ನಷ್ಟು ಆಳವಾಗಿ ತಿಳಿಯಬಹುದಾಗಿದೆ ಎಂಬಷ್ಟೇ ನಮ್ಮ ಅಭಿಪ್ರಾಯ.

ಈ ವಿಷಯವನ್ನು ವಿವರಿಸಲು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಸೀಮೆ ಬಹಳ ತಕ್ಕುದಾಗಿದೆ. ಹೊರಗಿನವರು ಸಿದ್ದಾಪುರವನ್ನು ಬಲ್ಲದ್ದು ಅಶೋಕ ಚಕ್ರವರ್ತಿಯ ಶಿಲಾಶಾಸನದಿಂದ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಸಿದ್ದಾಪುರ, ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬೆಳಕಿಗೆ ತಂದರು. ಆದರೆ ಆ ಸೀಮೆಯ ಮನೆಗಳಿಗೆ ದಿನನಿತ್ಯದ ಸಂಗತಿಯೆಂದರೆ ರೇಷ್ಮೆ. ಮೊಳಕಾಲ್ಮೂರು ಸೀರೆಯ ಹೆಸರನ್ನು ಕೇಳದ ತಾಯಂದಿರು ನಮ್ಮ ಓದುಗರಲ್ಲಿ ಇರಲಾರರು. ಗೂಡಿನಿಂದ ಬಿಚ್ಚಿದ ಹಸಿ ರೇಷ್ಮೆಯ ಎಳೆಗೆ ಸೆರಿಸಿನ್ ಎಂಬ ಅಂಟು ಮೆತ್ತಿಕೊಂಡಿರುತ್ತದೆ. ಎಳೆಯ ತೂಕದಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಈ ಅಂಟೇ. ಸಾಬೂನು ಮತ್ತು ಸೋಡಾ ಬೆರೆತ ಬಿಸಿನೀರಿನಲ್ಲಿ ಕುದಿಸಿ ಅಂಟನ್ನು ತೆಗೆದ ಮೇಲೆಯೇ ರೇಷ್ಮೆಗೆ ಹೊಳಪು, ಬಣ್ಣ ಹಿಡಿಯುವ ಗುಣ. ಪಕ್ಕದ ಚಳ್ಳಕೆರೆಯಾದರೋ ಶೇಂಗಾ ಎಣ್ಣೆಯ ಗಿರಣಿಗಳಿಗೆ ಹೆಸರಾದ ಊರು. ಒಂದೆಡೆ ಎಣ್ಣೆ ತೆಗೆಯುವ ಕಾಯಕ, ಇನ್ನೊಂದೆಡೆ ಸಾಬೂನಿನ ಕಡಾಯಿ. ಎರಡರ ನಡುವೆ ಮಳೆ ಕಡಿಮೆಯಾದ ನೆಲ ಮತ್ತು ಕೊಳವೆ ಬಾವಿಯ ಗಡುಸು ನೀರು. ಎಷ್ಟು ತಿಕ್ಕಿದರೂ ನೊರೆ ಬಾರದೆ ಬಿಳಿಯ ಗಸಿ ಮಾತ್ರ ಕಟ್ಟುವ ಈ ನೀರನ್ನು ನಮ್ಮ ಹೆಣ್ಣುಮಕ್ಕಳು ‘ಸಾಬೂನು ತಿನ್ನುವ ನೀರು’ ಎನ್ನುವುದುಂಟು. ಆ ಮಾತು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಎಷ್ಟು ಸರಿಯೆಂಬುದನ್ನು ಮುಂದೆ ನೋಡೋಣ.

ಸಾಬೂನಿನ ಅಣುವಿಗೆ ಎರಡು ಸ್ವಭಾವ. ಅದರ ತಲೆ ನೀರನ್ನು ಬಯಸುತ್ತದೆ. ಉದ್ದನೆಯ ಬಾಲ ಎಣ್ಣೆಯನ್ನು ಬಯಸುತ್ತದೆ, ನೀರನ್ನು ಒಲ್ಲದು. ಇಂತಹ ಅಣುಗಳು ನೀರಿನಲ್ಲಿ ವಿರಳವಾಗಿದ್ದಾಗ ಕೆಲವು ಮೇಲ್ಮೈಯಲ್ಲಿ ಬಾಲವನ್ನು ಗಾಳಿಗೆ ಚಾಚಿ ನಿಲ್ಲುತ್ತವೆ, ಉಳಿದವು ಒಂಟಿಯಾಗಿ ಅಲೆಯುತ್ತವೆ. ಅವುಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ವಿಶೇಷವೊಂದು ನಡೆಯುತ್ತದೆ. ಅಲ್ಲಿಯವರೆಗೆ ಒಂಟಿಯಾಗಿದ್ದ ಅಣುಗಳು ಗುಂಪು ಗುಂಪಾಗಿ ಕೂಡಿ, ಬಾಲಗಳನ್ನೆಲ್ಲ ಒಳಗೆ ಮರೆಸಿ, ತಲೆಗಳನ್ನು ಹೊರಗೆ ನೀರಿನ ಕಡೆಗೆ ತಿರುಗಿಸಿ ಸಣ್ಣ ಉಂಡೆಗಳಾಗುತ್ತವೆ. ಈ ಉಂಡೆಗೆ ಮಿಸೆಲ್ ಎಂದು ಹೆಸರು. ಮಿಸೆಲ್ ಕಟ್ಟಲು ತೊಡಗುವ ಆ ಪ್ರಮಾಣವನ್ನು ವಿಜ್ಞಾನಿಗಳು ಕ್ರಾಂತಿಕ ಮಿಸೆಲ್ ಸಾಂದ್ರತೆ ಎನ್ನುತ್ತಾರೆ. ನಾವು ಇಲ್ಲಿ ‘ಹೊಸ್ತಿಲು’ ಎಂದೇ ಕರೆಯೋಣ. ಹಲ್ಲುಜ್ಜುವ ಪೇಸ್ಟಿನಲ್ಲಿಯೂ ಬಳಕೆಯಾಗುವ ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಮಾರ್ಜಕಕ್ಕೆ, ಶುದ್ಧ ನೀರಿನಲ್ಲಿ, ಕೋಣೆಯ ಉಷ್ಣತೆಯಲ್ಲಿ, ಈ ಹೊಸ್ತಿಲು ಲೀಟರಿಗೆ ೨ ಗ್ರಾಂಗಿಂತ ಸ್ವಲ್ಪ ಹೆಚ್ಚು. ಹೊಸ್ತಿಲು ದಾಟಿದ ಮೇಲೆ ಇನ್ನಷ್ಟು ಮಾರ್ಜಕ ಸುರಿದರೆ ಒಂಟಿ ಅಣುಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಹೊಸದಾಗಿ ಬಂದವುಗಳು ಮಿಸೆಲ್ಲುಗಳಾಗಿ ಕೂಡುತ್ತವೆ. ಬಟ್ಟೆಯ ಜಿಡ್ಡು ಈ ಉಂಡೆಗಳ ಎಣ್ಣೆಮಯವಾದ ಗರ್ಭದೊಳಗೆ ಆಶ್ರಯ ಪಡೆದು ನೀರಿನೊಡನೆ ಹೊರಟುಹೋಗುತ್ತದೆ.

ಇದನ್ನು ಮೊದಲು ಹೇಳಿದವರ ಮಾತು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ೧೯೧೩ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಜೆ. ಡಬ್ಲ್ಯೂ. ಮೆಕ್‌ಬೇನ್ ಅವರು ಸಾಬೂನಿನ ಅಣುಗಳು ನೀರಿನಲ್ಲಿ ಗುಂಪುಗೂಡುತ್ತವೆಂದು ಸೂಚಿಸಿದಾಗ, ಸಭೆಯ ಹಿರಿಯರೊಬ್ಬರು ಅದನ್ನು ಅಸಂಬದ್ಧವೆಂದು ತಳ್ಳಿಹಾಕಿದರೆಂಬ ಕಥೆ ರಸಾಯನಶಾಸ್ತ್ರಜ್ಞರ ನಡುವೆ ಇಂದಿಗೂ ಪ್ರಚಲಿತವಾಗಿದೆ. ಆಕ್ಷೇಪಿಸಿದವರನ್ನೂ ದೂರುವಂತಿಲ್ಲ. ಒಂದು ಮಿಸೆಲ್ಲಿನ ಅಡ್ಡಳತೆ ಸುಮಾರು ೪ ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿ ಅದರಲ್ಲಿ ನಾಲ್ಕು ಭಾಗ ತೆಗೆದುಕೊಂಡಷ್ಟು. ಸಾಧಾರಣ ಸೂಕ್ಷ್ಮದರ್ಶಕಕ್ಕೂ ಅದು ಕಾಣದು. ಮೇಲಾಗಿ ಅದು ಕಲ್ಲಿನಂತೆ ಸ್ಥಿರವಾದ ವಸ್ತುವಲ್ಲ. ಅಣುಗಳು ಕ್ಷಣಕ್ಷಣಕ್ಕೂ ಒಳಬರುತ್ತ ಹೊರಹೋಗುತ್ತ ಇರುತ್ತವೆ. ದ್ರಾವಣದ ವಿದ್ಯುದ್ವಾಹಕತೆ, ಮೇಲ್ಮೈ ಬಿಗಿತ ಮುಂತಾದವುಗಳನ್ನು ಅಳೆದಾಗ ಹೊಸ್ತಿಲಿನ ಬಳಿ ರೇಖೆ ತಟ್ಟನೆ ತಿರುಗುವುದನ್ನು ಕಾಣಬಹುದಿತ್ತು. ಏನೋ ನಡೆಯಿತೆಂದು ಅದರಿಂದ ತಿಳಿಯಿತು. ಆದರೆ ಒಳಗಿನ ಸ್ಥಿತಿ ಹೇಗಿದೆ ಎಂದು ತಿಳಿಯಬೇಕಾದರೆ ಒಳಗೆ ಹೋಗಿ ಬಂದ ಸಾಕ್ಷಿಯೇ ಬೇಕಾಗಿತ್ತು.

ಆ ಸಾಕ್ಷಿ ದೊರೆತದ್ದು ಪ್ರತಿದೀಪ್ತಿಯಿಂದ. ಕೆಲವು ವಸ್ತುಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು, ಕಾಣುವ ಬೆಳಕನ್ನು ಹೊರಚೆಲ್ಲುತ್ತವೆ. ಇದು ನಮಗೆ ಅಪರಿಚಿತವಾದುದೇನಲ್ಲ. ಬಿಳಿಯ ಅಂಗಿಗೆ ಹೊಳಪು ಬರಲೆಂದು ಕೊನೆಯ ನೀರಿಗೆ ಹಾಕುತ್ತಿದ್ದ ಟಿನೋಪಾಲ್ ಪುಡಿಯನ್ನು ನೆನಪಿಸಿಕೊಳ್ಳಿ. ಅದು ಬಟ್ಟೆಯ ಕೊಳೆಯನ್ನು ತೆಗೆಯುವುದಿಲ್ಲ. ಬಿಸಿಲಿನಲ್ಲಿರುವ ನೇರಳಾತೀತವನ್ನು ನೀಲಿಯ ಬೆಳಕಾಗಿಸಿ, ಬಟ್ಟೆಯ ಹಳದಿಯನ್ನು ಮರೆಮಾಚುತ್ತದೆ. ಬ್ಯಾಂಕಿನಲ್ಲಿ ನೋಟು ಪರೀಕ್ಷಿಸುವ ದೀಪದಡಿಯಲ್ಲಿ ಮಿನುಗುವ ಎಳೆಗಳೂ ಇದೇ ಜಾತಿಯವು. ಈ ವಿದ್ಯಮಾನಕ್ಕೆ ಫ್ಲೋರೆಸೆನ್ಸ್ ಎಂಬ ಹೆಸರನ್ನು ೧೮೫೨ರಲ್ಲಿ ಇಟ್ಟವರು ಕೇಂಬ್ರಿಜ್ಜಿನ ಜಿ. ಜಿ. ಸ್ಟೋಕ್ಸ್. ಫ್ಲೋರ್‌ಸ್ಪಾರ್ ಎಂಬ ಖನಿಜ ಹೀಗೆ ಮಿನುಗುವುದನ್ನು ಕಂಡು ಅದರ ಹೆಸರಿನಿಂದಲೇ ಈ ಪದವನ್ನು ಕಟ್ಟಿದರು. ಚಿತ್ರದುರ್ಗ, ಪಾವಗಡಗಳ ಕಡೆಯ ಕೊಳವೆ ಬಾವಿಗಳಲ್ಲಿ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡಿನ ಹೆಸರೂ ಅದೇ ಖನಿಜದ ಬಳಗದ್ದು. ಹೆಸರಿನ ನಂಟಷ್ಟೇ. ಫ್ಲೋರೈಡ್ ಬೆರೆತ ನೀರು ಹೊಳೆಯುವುದಿಲ್ಲ, ಹೊಳೆಯುವ ದ್ರಾವಣದಲ್ಲಿ ಫ್ಲೋರೈಡ್ ಇರಲೇಬೇಕೆಂಬುದೂ ಇಲ್ಲ. ಶಾಲೆಯ ಮಕ್ಕಳು ಎರಡನ್ನೂ ಒಂದೇ ಎಂದು ತಿಳಿಯುವುದನ್ನು ಕಂಡಿರುವುದರಿಂದ ಇಷ್ಟು ಹೇಳಿದೆವು.

ಮಿಸೆಲ್ಲಿನೊಳಗೆ ಕಳುಹಿಸಿದ ಸಾಕ್ಷಿಗಳಲ್ಲಿ ಬಹು ಪ್ರಸಿದ್ಧವಾದುದು ಪೈರೀನ್. ನಾಲ್ಕು ಉಂಗುರಗಳು ಒಂದಕ್ಕೊಂದು ಅಂಟಿಕೊಂಡಂತಿರುವ ಈ ಇಂಗಾಲದ ಸಂಯುಕ್ತ ನೀರಿನಲ್ಲಿ ಕರಗುವುದು ಅತ್ಯಲ್ಪ; ಲೀಟರಿಗೆ ಒಂದು ಮಿಲಿಗ್ರಾಮಿನ ಏಳೆಂಟನೆಯ ಒಂದು ಪಾಲು. ನೀರಿನಲ್ಲಿ ಅದು ಬಲವಂತಕ್ಕೆ ಬಂದ ನೆಂಟನಂತೆ ಇರುತ್ತದೆ. ಮಿಸೆಲ್ ಕಟ್ಟಿದೊಡನೆ ಅದರೊಳಗೆ ಸೇರಿಕೊಳ್ಳುತ್ತದೆ. ನೇರಳಾತೀತ ಬೆಳಕು ತಾಗಿದಾಗ ಪೈರೀನ್ ಹೊರಸೂಸುವ ಬೆಳಕನ್ನು ಉಪಕರಣದಿಂದ ಬಿಡಿಸಿ ನೋಡಿದರೆ ಐದು ಶಿಖರಗಳು ಕಾಣುತ್ತವೆ. ಮೊದಲನೆಯ ಶಿಖರ ಸುತ್ತಲೂ ನೀರಿನಂತಹ ಪರಿಸರವಿದ್ದಾಗ ಎತ್ತರವಾಗುತ್ತದೆ, ಎಣ್ಣೆಯಂತಹ ಪರಿಸರದಲ್ಲಿ ತಗ್ಗುತ್ತದೆ. ಮೂರನೆಯದು ಅಷ್ಟಾಗಿ ಬದಲಾಗುವುದಿಲ್ಲ. ಮೊದಲನೆಯದನ್ನು ಮೂರನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸಾಕ್ಷಿಯ ಹೇಳಿಕೆ. ನೀರಿನಲ್ಲಿ ಅದು ೧.೮ರ ಆಸುಪಾಸು, ಹೆಕ್ಸೇನ್ ಎಂಬ ಎಣ್ಣೆಯಂತಹ ದ್ರವದಲ್ಲಿ ೦.೬ರ ಆಸುಪಾಸು, ಸೋಡಿಯಂ ಡೋಡೆಸಿಲ್ ಸಲ್ಫೇಟಿನ ಮಿಸೆಲ್ಲಿನಲ್ಲಿ ೧.೧ರ ಆಸುಪಾಸು. ಮಾರ್ಜಕವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಈ ಸಂಖ್ಯೆಯನ್ನು ಗುರುತಿಸಿದರೆ ಮೊದಲು ಸಮತಟ್ಟು, ಅನಂತರ ಹೊಸ್ತಿಲಿನ ಬಳಿ ಇಳಿಜಾರು, ಮತ್ತೆ ಸಮತಟ್ಟು. ಈ ವಿಧಾನವನ್ನು ೧೯೭೭ರಲ್ಲಿ ವಿಶದಪಡಿಸಿದವರು ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಕೆ. ಕಲ್ಯಾಣಸುಂದರಂ ಮತ್ತು ಜೆ. ಕೆ. ಥಾಮಸ್.

ಮಿಸೆಲ್ಲಿನ ಸಂಖ್ಯೆ ಎರಡು ಕೊನೆಗಳ ನಡುವೆ ನಿಂತಿರುವುದನ್ನು ವಾಚಕರು ಗಮನಿಸಿರಬಹುದು. ಪೈರೀನ್ ಮಿಸೆಲ್ಲಿನ ನಟ್ಟನಡುವೆ ಎಣ್ಣೆಯಲ್ಲಿ ಮುಳುಗಿ ಕುಳಿತಿಲ್ಲ, ತಲೆಗಳ ಸಮೀಪದಲ್ಲಿ ನೀರಿನ ಸೋಂಕು ಇರುವ ಕಡೆಯೇ ಹೆಚ್ಚಾಗಿ ತಂಗುತ್ತದೆ ಎಂದು ಇದರಿಂದ ಊಹಿಸಿದರು. ಇಲ್ಲಿ ನಮಗೆ ಸಿದ್ದಾಪುರದ ನೆರೆಯ ಬ್ರಹ್ಮಗಿರಿಯ ಶಾಸನ ನೆನಪಾಗುತ್ತದೆ. ಬ್ರಾಹ್ಮೀ ಲಿಪಿಯ ಆ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರ ಕೊನೆಯಲ್ಲಿ ತನ್ನ ವೃತ್ತಿಸೂಚಕ ಪದವೊಂದನ್ನು ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಆ ಒಂದು ಪದದಿಂದ ಅವನಿಗೆ ಯಾವ ಸೀಮೆಯ ಪರಿಚಯವಿತ್ತೆಂದು ಇತಿಹಾಸಕಾರರು ತಿಳಿದರು. ಪೈರೀನಿನ ಮೊದಲನೆಯ ಶಿಖರವೂ ಅಂತಹುದೇ ಗುರುತು. ತಾನು ಎಲ್ಲಿ ತಂಗಿದ್ದೆನೆಂಬುದನ್ನು ಅದು ತನ್ನ ಬೆಳಕಿನಲ್ಲಿಯೇ ಬರೆದುಕೊಂಡು ಬರುತ್ತದೆ.

ಒಂದು ಮಿಸೆಲ್ಲಿನಲ್ಲಿ ಎಷ್ಟು ಅಣುಗಳಿರುತ್ತವೆ ಎಂಬುದನ್ನು ಎಣಿಸಿದ ರೀತಿ ನಮಗೆ ಬಹಳ ಹಿಡಿಸಿದೆ. ಒಂದು ಊರಿನಲ್ಲಿ ನೂರು ಮನೆಗಳಿವೆಯೆನ್ನಿ. ಎಲ್ಲ ಮನೆಗಳಲ್ಲಿಯೂ ದೀಪ ಉರಿಯುತ್ತಿದೆ. ಕತ್ತಲಲ್ಲಿ ನೂರು ಜನ ಕಂಡಕಂಡ ಮನೆಗೆ ನುಗ್ಗಿ ದೀಪ ಆರಿಸುತ್ತಾರೆನ್ನಿ. ಒಂದೇ ಮನೆಗೆ ಇಬ್ಬರು ಮೂವರು ಹೊಕ್ಕಿರಬಹುದು, ಕೆಲವು ಮನೆಗಳಿಗೆ ಯಾರೂ ಹೋಗದಿರಬಹುದು. ಸಂಭವನೀಯತೆಯ ಲೆಕ್ಕದಂತೆ ಸುಮಾರು ೩೭ ಮನೆಗಳಲ್ಲಿ ದೀಪ ಉಳಿಯುತ್ತದೆ. ಹಾಗಾದರೆ ಊರಿನ ಮನೆಗಳ ಸಂಖ್ಯೆ ತಿಳಿಯದಿದ್ದರೂ, ಒಳಹೊಕ್ಕವರೆಷ್ಟು, ಬೆಳಕು ಎಷ್ಟು ಪಾಲು ಉಳಿಯಿತು ಎಂಬುದರಿಂದ ಮನೆಗಳನ್ನು ಎಣಿಸಬಹುದಲ್ಲವೆ? ೧೯೭೮ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಎನ್. ಜೆ. ಟ್ಯೂರೋ ಮತ್ತು ಎ. ಯೆಕ್ಟಾ ಇದನ್ನೇ ಮಾಡಿದರು. ಮಿನುಗುವ ಒಂದು ಅಣುವನ್ನೂ, ಆ ಮಿನುಗನ್ನು ನಂದಿಸುವ ಇನ್ನೊಂದು ಅಣುವನ್ನೂ ಮಿಸೆಲ್ಲುಗಳಿಗೆ ಹಂಚಿ, ಉಳಿದ ಬೆಳಕನ್ನು ಅಳೆದರು. ಒಟ್ಟು ಮಾರ್ಜಕದ ಲೆಕ್ಕದಿಂದ ಒಂಟಿ ಅಣುಗಳನ್ನು ಕಳೆದು, ಮಿಸೆಲ್ಲುಗಳ ಸಂಖ್ಯೆಯಿಂದ ಭಾಗಿಸಿದಾಗ ಪ್ರತಿ ಮಿಸೆಲ್ಲಿನಲ್ಲಿ ಸುಮಾರು ೬೦ ಅಣುಗಳಿರುವುದು ಗೊತ್ತಾಯಿತು.

ಆದರೂ ಸಾಕ್ಷಿಯ ಮಾತನ್ನು ವಿಚಾರಿಸಿಯೇ ಒಪ್ಪಬೇಕು. ಬೇರೆ ಬೇರೆ ಶೋಧಕ ಅಣುಗಳು ಹೊಸ್ತಿಲನ್ನು ಸ್ವಲ್ಪ ಬೇರೆ ಬೇರೆ ಕಡೆ ತೋರಿಸುತ್ತವೆ. ನೀರಿಗೆ ಉಪ್ಪು ಸೇರಿದರೆ ಇಂತಹ ಮಾರ್ಜಕದ ಹೊಸ್ತಿಲು ಗಣನೀಯವಾಗಿ ತಗ್ಗುತ್ತದೆ. ಶೋಧಕವನ್ನು ಅತಿಯಾಗಿ ಹಾಕಿದರೆ ಎರಡು ಪೈರೀನ್‌ಗಳು ಒಟ್ಟಿಗೆ ಸೇರಿ ಬೇರೊಂದು ನೀಲಿ-ಹಸಿರು ಬೆಳಕನ್ನು ಸೂಸಿ ಲೆಕ್ಕವನ್ನು ಕೆಡಿಸುತ್ತವೆ. ಹೊಸ್ತಿಲೆಂಬುದು ಗೆರೆ ಕೊರೆದಂತಹ ಬಿಂದುವಲ್ಲ, ಕಿರಿದಾದ ಒಂದು ಪಟ್ಟಿ.

ಪಿತ್ತರಸದ ವಿಷಯದಲ್ಲಿ ಈ ಪಟ್ಟಿ ಇನ್ನೂ ಅಗಲವಾಗಿದೆ. ಚಳ್ಳಕೆರೆಯ ಶೇಂಗಾ ಎಣ್ಣೆಯಲ್ಲಿ ಕರಿದ ಮಿರ್ಚಿ ಹೊಟ್ಟೆಗೆ ಹೋದ ಮೇಲೆ ಆ ಎಣ್ಣೆಯನ್ನು ನೀರಿನೊಡನೆ ಬೆರೆಸುವ ಸಾಬೂನು ನಮ್ಮ ದೇಹದಲ್ಲಿಯೇ ಇದೆ. ಯಕೃತ್ತು ಕೊಲೆಸ್ಟರಾಲಿನಿಂದಲೇ ಪಿತ್ತ ಲವಣಗಳನ್ನು ತಯಾರಿಸುತ್ತದೆ. ಇವುಗಳಿಗೆ ತಲೆ ಬಾಲಗಳಿಲ್ಲ. ಚಪ್ಪಟೆಯ ಅಣುವಿನ ಒಂದು ಮುಖ ನೀರನ್ನೂ ಇನ್ನೊಂದು ಮುಖ ಎಣ್ಣೆಯನ್ನೂ ಬಯಸುತ್ತದೆ. ಕೆಲವೇ ಅಣುಗಳು ಬೆನ್ನಿಗೆ ಬೆನ್ನು ಕೊಟ್ಟು ಹಂತಹಂತವಾಗಿ ಕೂಡುತ್ತವೆ. ಈ ಕೂಟಗಳು ಲೆಸಿಥಿನ್‌ನೊಡನೆ ಸೇರಿ ಕೊಲೆಸ್ಟರಾಲನ್ನು ಕರಗಿಸಿ ಇಟ್ಟುಕೊಳ್ಳುತ್ತವೆ. ಅವುಗಳ ಹೊರುವ ಶಕ್ತಿಗಿಂತ ಕೊಲೆಸ್ಟರಾಲ್ ಹೆಚ್ಚಾದಾಗ ಅದು ಹರಳುಗಟ್ಟಿ ಪಿತ್ತಕೋಶದ ಕಲ್ಲಾಗುವ ಸಂಭವವುಂಟು. ನಮ್ಮ ಬಳಗದಲ್ಲಿ ಈ ಕಲ್ಲಿನ ನೋವನ್ನು ಉಂಡವರು ಅನೇಕರಿರುವುದರಿಂದ ಮಿಸೆಲ್ಲಿನ ವಿಚಾರ ಬಟ್ಟೆಯ ಕೊಳೆಗೆ ಮಾತ್ರ ಸೇರಿದ್ದೆಂದು ಭಾವಿಸಲಾಗದು.

ಈ ಪಿತ್ತ ಲವಣಗಳ ಅಧ್ಯಯನಕ್ಕೆ ನಮ್ಮ ಬೆಂಗಳೂರಿನ ಕೊಡುಗೆ ಇದೆಯೆಂದು ಹೇಳಲು ಸಂತೋಷವಾಗುತ್ತದೆ. ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಉದಯ್ ಮೈತ್ರ ಅವರ ತಂಡವು ಪಿತ್ತಾಮ್ಲಗಳ ರಸಾಯನವನ್ನು ದೀರ್ಘಕಾಲ ಶೋಧಿಸಿತು. ೨೦೧೦ರಲ್ಲಿ ಈ ತಂಡ ಪ್ರಕಟಿಸಿದ ಒಂದು ಕೆಲಸ ಸ್ವಾರಸ್ಯಕರವಾಗಿದೆ. ಪಿತ್ತ ಲವಣವನ್ನು ಯೂರೋಪಿಯಂ ಎಂಬ ಲೋಹದ ಲವಣದೊಡನೆ ಬೆರೆಸಿದಾಗ ನೀರು ತಾನಾಗಿ ಗಟ್ಟಿಯಾದ ಲೋಳೆಯಾಗುತ್ತದೆ. ಅದರಲ್ಲಿ ಕಿಂಚಿತ್ ಪೈರೀನ್ ಸೇರಿಸಿದರೆ ಪೈರೀನ್ ಹೀರಿದ ಶಕ್ತಿ ಲೋಹಕ್ಕೆ ದಾಟಿ ಲೋಳೆ ಕೆಂಪಾಗಿ ಬೆಳಗುತ್ತದೆ. ಇಲ್ಲಿ ಪೈರೀನ್ ಸಾಕ್ಷಿಯ ಸ್ಥಾನದಿಂದ ಎದ್ದು ಸಹಾಯಕನಾಗಿದೆ. ಇದೇ ಜಾಡಿನಲ್ಲಿ ಮುಂದುವರಿದು, ಟರ್ಬಿಯಂ ಲೋಳೆ ಹಚ್ಚಿದ ಕಾಗದದ ಬಿಲ್ಲೆಗಳ ಮೇಲೆ ಕಿಣ್ವಗಳನ್ನು ಹಸಿರು ಬೆಳಕಿನಿಂದ ಪತ್ತೆಹಚ್ಚುವ ಅಗ್ಗದ ವಿಧಾನಗಳನ್ನು ಆ ತಂಡ ರೂಪಿಸಿತು. ಭಾರಿ ಉಪಕರಣಗಳಿಲ್ಲದ ಊರುಗಳಿಗೆ ಇಂತಹ ಕಾಗದದ ಚೂರಿನ ಬೆಲೆ ಏನೆಂಬುದು ತಾಲ್ಲೂಕಿನ ಆಸ್ಪತ್ರೆಯಿಂದ ದುರ್ಗಕ್ಕೆ, ದುರ್ಗದಿಂದ ದಾವಣಗೆರೆಗೆ ರೋಗಿಯನ್ನು ಕರೆದೊಯ್ದವರಿಗೆ ತಿಳಿದೇ ಇದೆ.

ಅದೇ ಸಂಸ್ಥೆಯ ಎರಡನೆಯ ಆವರಣವೀಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಸುಮಾರು ೧೫೦೦ ಎಕರೆಯ ಆ ಭೂಮಿ ಹಿಂದೆ ದನಕುರಿಗಳು ಮೇಯುತ್ತಿದ್ದ ಅಮೃತ ಮಹಲ್ ಕಾವಲು. ಕಾವಲಿನ ಹಂಚಿಕೆಯ ಪ್ರಶ್ನೆ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತೆಂಬುದನ್ನು ಮರೆಯಲಾಗದು. ಮೇವನ್ನು ಕಳೆದುಕೊಂಡವರ ಅಳಲು ನಿಜವಾದುದು. ಅಲ್ಲಿ ಪ್ರತಿಭಾ ಅಭಿವೃದ್ಧಿ ಕೇಂದ್ರವನ್ನು ತೆರೆದು ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ನೀಡುತ್ತ ಬಂದಿರುವುದೂ ಅಷ್ಟೇ ನಿಜ. ಆ ಕಾವಲಿನ ಋಣ ತೀರಬೇಕಾದರೆ ಅಲ್ಲಿ ಕಲಿತ ವಿದ್ಯೆ ಸುತ್ತಲಿನ ಹಳ್ಳಿಗಳ ನೀರು, ನೇಯ್ಗೆ, ಆರೋಗ್ಯಗಳಿಗೆ ಒದಗಬೇಕೆಂಬುದು ನಮ್ಮ ಅಭಿಮತ.

ಈಗ ಸಾಬೂನು ತಿನ್ನುವ ನೀರಿನ ವಿಚಾರ. ಗಡುಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಅಂಶವಿರುತ್ತದೆ. ಸಾಬೂನಿನ ಅಣುಗಳನ್ನು ಅವು ಹಿಡಿದು, ಕರಗದ ಗಸಿಯಾಗಿಸಿ ಕೆಳಗಿಳಿಸುತ್ತವೆ. ಆ ಕ್ಯಾಲ್ಸಿಯಂ ತೀರುವವರೆಗೆ ಹಾಕಿದ ಸಾಬೂನೆಲ್ಲ ಗಸಿಗೇ ಹೋಗುವುದರಿಂದ ಹೊಸ್ತಿಲನ್ನು ಮುಟ್ಟುವುದೇ ಇಲ್ಲ. ಮಿಸೆಲ್ ಕಟ್ಟುವುದಿಲ್ಲ, ಜಿಡ್ಡು ಏಳುವುದಿಲ್ಲ. ಮೊದಲು ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಕ್ಯಾಲ್ಸಿಯಂ ತಳಕ್ಕಿಳಿದ ಮೇಲೆ ತಿಳಿನೀರನ್ನು ಬಸಿದು ಸಾಬೂನು ಬಳಸಿದರೆ ಅರ್ಧಕ್ಕರ್ಧ ಉಳಿತಾಯವಾದರೂ ಆಶ್ಚರ್ಯವಿಲ್ಲ. ಮಳೆಯ ನೀರನ್ನು ಹಿಡಿದಿಟ್ಟವರಿಗೆ ಆ ಚಿಂತೆಯೂ ಇಲ್ಲ. ರೇಷ್ಮೆ ಸೀರೆಗೆ ಮಾತ್ರ ಸೋಡಾ ಸೋಕಿಸಬಾರದು. ಅಂಟು ತೆಗೆಯುವ ಕಡಾಯಿಯ ಕ್ಷಾರವನ್ನು ನುರಿತ ಕೈಗಳು ಅಳೆದು ಹಾಕುತ್ತವೆ, ಮನೆಯಲ್ಲಿ ಅದು ಎಳೆಯನ್ನೇ ಕೆಡಿಸುತ್ತದೆ. ಅಂಟುವಾಳದ ನೀರು ಕ್ಷಾರವಲ್ಲ, ಅದರ ಸಪೋನಿನ್‌ಗಳೂ ಮಿಸೆಲ್ ಕಟ್ಟುತ್ತವೆ. ಅಜ್ಜಿಯರು ರೇಷ್ಮೆಗೆ ಅಂಟುವಾಳವನ್ನೇ ಆರಿಸಿದ್ದು ಸುಮ್ಮನೆ ಅಲ್ಲ.

ಹೊಸ್ತಿಲು ದಾಟಿ, ಕೊಳೆ ಹೊರಲು ಸಾಕಷ್ಟು ಮಿಸೆಲ್ಲುಗಳಾದ ಮೇಲೆ ಸುರಿದ ಪುಡಿ ನೊರೆಯಾಗಿ ಚರಂಡಿ ಸೇರುತ್ತದೆ. ನೊರೆ ಹೆಚ್ಚಿದಷ್ಟೂ ಬಟ್ಟೆ ಶುಭ್ರವೆಂಬ ನಂಬಿಕೆಯನ್ನು ಜಾಹೀರಾತುಗಳು ಬೆಳೆಸಿವೆ. ಆ ನೊರೆ ಕೊನೆಗೆ ಎಲ್ಲಿಗೆ ಹೋಗುತ್ತದೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ ತೋರಿಸಿತು. ೨೦೧೫ರಲ್ಲಿ ಅಲ್ಲಿನ ನೊರೆ ರಸ್ತೆಗೆ ಹಾರಿ ಬಂದುದೂ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡುದೂ ದೇಶಕ್ಕೆಲ್ಲ ಸುದ್ದಿಯಾಯಿತು. ಮೊಳಕಾಲ್ಮೂರಿನಂತಹ ಒಣ ಸೀಮೆಯಲ್ಲಿ ಕೆರೆ ತುಂಬುವ ವರ್ಷಗಳೇ ವಿರಳ. ತುಂಬಿದ ನೀರಿಗೆ ಒಗೆಯುವ ಪುಡಿ ಸೇರಿದರೆ ಹೊರಹರಿದು ತೊಳೆದುಹೋಗುವ ದಾರಿಯೂ ಕಡಿಮೆ.

ಮಿಸೆಲ್ಲಿನ ಸಾಕ್ಷಿಯನ್ನು ಮನೆಯಲ್ಲಿಯೇ ನೋಡಬಯಸುವ ಮಕ್ಕಳಿಗೆ ಪೈರೀನ್ ಬೇಕಾಗಿಲ್ಲ, ಅದು ಮನೆಯಲ್ಲಿ ಇಡತಕ್ಕ ವಸ್ತುವೂ ಅಲ್ಲ. ಅಡಿಗೆಮನೆಯ ಅರಿಶಿನವೇ ಸಾಕು. ಅರಿಶಿನದ ಬಣ್ಣದ ಅಂಶ ನೀರಿನಲ್ಲಿ ಕರಗದು, ಅಲ್ಲಿ ಅದರ ಮಿನುಗೂ ಕ್ಷೀಣ. ಎಣ್ಣೆಯಂತಹ ಆಶ್ರಯ ದೊರೆತರೆ ಹಳದಿ-ಹಸಿರಾಗಿ ಬೆಳಗುತ್ತದೆ. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಒಂದಕ್ಕೆ ಮಾತ್ರ ಸ್ವಲ್ಪ ಶಾಂಪೂ ಬೆರೆಸಿ, ಎರಡಕ್ಕೂ ಚಿಟಿಕೆಗಿಂತ ಕಡಿಮೆ ಅರಿಶಿನ ಹಾಕಿ ಕಲಕಿ, ಸ್ವಲ್ಪ ಹೊತ್ತು ತಿಳಿಯಾಗಲು ಬಿಟ್ಟು, ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ದೀಪವನ್ನು ಪಕ್ಕದಿಂದ ಹಿಡಿದು ನೋಡಲಿ. ದೀಪವನ್ನು ಕಣ್ಣಿಗೆ ನೇರವಾಗಿ ಹಿಡಿಯಬಾರದು. ಒಗೆಯುವ ಸಾಬೂನನ್ನು ಬಳಸಬಾರದು, ಅದರ ಕ್ಷಾರಕ್ಕೆ ಅರಿಶಿನ ಓಕುಳಿಯಂತೆ ಕೆಂಪಾಗುತ್ತದೆ. ಲೋಟದ ಹಿಂದೆ ಬಿಳಿಯ ಬಟ್ಟೆಯನ್ನಾಗಲಿ ಕಾಗದವನ್ನಾಗಲಿ ಇಡದೆ ಕಪ್ಪು ಕಂಬಳಿಯನ್ನು ಹಿಡಿಯುವುದು ಒಳ್ಳೆಯದು. ಬಿಳಿಯ ಬಟ್ಟೆಯಲ್ಲಿ ಉಳಿದ ಹೊಳಪಿನ ಪುಡಿ ತಾನೇ ನೀಲಿಯಾಗಿ ಬೆಳಗಿ ಅರಿಶಿನದ ಮಿನುಗನ್ನು ನುಂಗಿಬಿಡುತ್ತದೆ.